ಒಗ್ಗರಣೆಗೆ ಕೂಗುವ ಸ್ಮೋಕ್ ಅಲಾರ್ಮ್, ಮರದ ಮನೆ ಮತ್ತು ಡಿಸೆಂಬರ್ ರಜೆ: ನೀವೆಲ್ಲ ಏನು ಮಾಡುತ್ತೀರಿ?

ನೀಲಿಶಂಖಪುಷ್ಪ (ನ್ಯೂಜೆರ್ಸಿ)
ಎಲ್ಲರಿಗೂ ನಮಸ್ಕಾರ. ಈ ವರ್ಷ ಅಪಾರ್ಟ್‌ಮೆಂಟ್ ಬಿಟ್ಟು ಟೌನ್‌ಹೌಸ್‌ಗೆ ಬಂದಿದ್ದೇವೆ. ಗೋಡೆಯ ಚೌಕಟ್ಟು, ಮಹಡಿ, ಮೆಟ್ಟಿಲು ಎಲ್ಲವೂ ಮರದ್ದು. ಅಡುಗೆಮನೆಗೂ ಹಜಾರಕ್ಕೂ ನಡುವೆ ಗೋಡೆಯಿಲ್ಲದ ಕಾರಣ, ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದ ಕೂಡಲೇ ಚಾವಣಿಯ ಸ್ಮೋಕ್ ಅಲಾರ್ಮ್ ಕೂಗಲು ತೊಡಗುತ್ತದೆ. ಡಿಸೆಂಬರ್ ನಡುವೆ ಮೈಸೂರಿನಿಂದ ಅತ್ತೆ, ಮಾವ ಬರುತ್ತಿದ್ದಾರೆ. ಅವರಿಗೆ ಧನುರ್ಮಾಸದ ಪೂಜೆ ತಪ್ಪುವಂತಿಲ್ಲ. ಬೆಳಗಿನ ಜಾವವೇ ದೀಪ, ಕರ್ಪೂರ, ಹುಗ್ಗಿಯ ನೈವೇದ್ಯ ಆಗಬೇಕು. ಮಕ್ಕಳಿಗೆ ಈ ಸಲ ನಿಜವಾದ ಕ್ರಿಸ್‌ಮಸ್ ಮರವೇ ಬೇಕಂತೆ. ಹಿರಿಯರು ಮಲಗುವ ಕೋಣೆ ತಣ್ಣಗಿರುವುದರಿಂದ ಅಲ್ಲಿಗೊಂದು ಹೀಟರ್ ಕೂಡ ಕೊಳ್ಳಬೇಕೆಂದಿದ್ದೇವೆ.

ಪರಿಚಿತರೊಬ್ಬರು, ಅತಿಥಿಗಳು ಇರುವಷ್ಟು ಕಾಲ ಅಲಾರ್ಮ್‌ಗೆ ಸ್ನಾನದ ಪ್ಲಾಸ್ಟಿಕ್ ಟೊಪ್ಪಿಗೆ ತೊಡಿಸಿಬಿಡಿ, ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂದರು. ನನಗೆ ಮನಸ್ಸು ಒಪ್ಪುತ್ತಿಲ್ಲ. ಅನುಭವಸ್ಥರು ದಯವಿಟ್ಟು ತಿಳಿಸಿ.

ಚಿತ್ರಾನ್ನಪ್ರಿಯ (ಸಿಯಾಟಲ್)
ಆ ಪರಿಚಿತರ ಮನೆಗೆ ರಾತ್ರಿ ತಂಗಲು ಹೋಗಬೇಡಿ.

ಎಳ್ಳುಬೆಲ್ಲ (ಚಿಕಾಗೊ)
ಅವರನ್ನು ಅಷ್ಟು ಹಗುರವಾಗಿ ತಳ್ಳಿಹಾಕಬೇಡಿ. ನಮ್ಮವರ ಮನೆಗಳಲ್ಲಿ ಟೊಪ್ಪಿಗೆ ತೊಟ್ಟ ಅಲಾರ್ಮ್, ಬ್ಯಾಟರಿ ತೆಗೆದು ಡ್ರಾಯರ್‌ನಲ್ಲಿಟ್ಟ ಅಲಾರ್ಮ್ ಎಷ್ಟೋ ಕಂಡಿದ್ದೇನೆ. ಯಾರೂ ಬೇಕೆಂದು ಹಾಗೆ ಮಾಡುವುದಿಲ್ಲ. ಹಸುಗೂಸು ಈಗಷ್ಟೇ ಮಲಗಿರುತ್ತದೆ, ಸಾರಿಗೆ ಒಗ್ಗರಣೆ ಹಾಕಬೇಕಾಗಿರುತ್ತದೆ, ಅಷ್ಟೇ. ಹಾಗೆ ಮಾಡಬೇಡಿ ಎಂದು ಹೇಳಿದ ಮಾತ್ರಕ್ಕೆ ಅಡುಗೆ ನಿಲ್ಲುವುದಿಲ್ಲ. ಅಲಾರ್ಮ್ ಸುಮ್ಮನೆ ಕೂಗದಂತೆ ಮಾಡುವ ದಾರಿಯನ್ನು ಬಲ್ಲವರು ಹೇಳಬೇಕು.

ಗಂಟೆಕೇಳಿದರೆಓಟ (ಪೆನ್ಸಿಲ್ವೇನಿಯಾ)
ನಮ್ಮ ಊರಿನ ಅಗ್ನಿಶಾಮಕ ದಳದಲ್ಲಿ ಸ್ವಯಂಸೇವಕನಾಗಿದ್ದೇನೆ. ಈ ದೇಶದ ಅಗ್ನಿಶಾಮಕರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರೇ ಎಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿದಿರುವುದಿಲ್ಲ.

ಎಳ್ಳುಬೆಲ್ಲ ಅವರ ಮಾತು ಸರಿ, ದಾರಿಯೂ ಇದೆ. ಅಲಾರ್ಮ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಅಯನೀಕರಣದ (ಅಯೊನೈಸೇಶನ್) ಬಗೆಯದರಲ್ಲಿ ಅಮೆರಿಸಿಯಂ-241 ಎಂಬ ವಿಕಿರಣ ಧಾತುವಿನ ಸಣ್ಣ ಕಣವಿರುತ್ತದೆ. ಅದು ಉರಿಯುವ ಜ್ವಾಲೆಯನ್ನು ಬೇಗ ಹಿಡಿಯುತ್ತದೆ, ಜೊತೆಗೆ ನಿಮ್ಮ ಒಗ್ಗರಣೆಯನ್ನೂ ಅಷ್ಟೇ ಬೇಗ ಹಿಡಿಯುತ್ತದೆ. ಇನ್ನೊಂದು ಫೋಟೊಎಲೆಕ್ಟ್ರಿಕ್. ಅದು ಬೆಳಕಿನ ಚದರುವಿಕೆಯಿಂದ ಹೊಗೆಯನ್ನು ಗುರುತಿಸುತ್ತದೆ, ಸೋಫಾದೊಳಗೆ ಹೊಗೆಯಾಡುವ ಬೆಂಕಿಗೆ ಚುರುಕಾಗಿ ಎಚ್ಚರಿಸುತ್ತದೆ, ಅಡುಗೆಯ ಹೊಗೆಗೆ ಕಡಿಮೆ ಕೂಗುತ್ತದೆ. ನಿಮ್ಮದನ್ನು ಇಳಿಸಿ ಹಿಂಬದಿ ನೋಡಿ. ಯಾವ ಬಗೆ, ಯಾವ ವರ್ಷ ತಯಾರಾಯಿತು ಎಂದು ಮುದ್ರಿಸಿರುತ್ತಾರೆ. 10 ವರ್ಷ ದಾಟಿದ್ದರೆ ಬಗೆ ಯಾವುದಾದರೂ ಸರಿ, ಬದಲಾಯಿಸಲೇಬೇಕು. ಹೊಸದನ್ನು ಕೊಳ್ಳುವಾಗ ಪೆಟ್ಟಿಗೆಯ ಮೇಲೆ, ಸುರಕ್ಷತೆಯನ್ನು ಪರೀಕ್ಷಿಸುವ ಯುಎಲ್ ಸಂಸ್ಥೆಯ ‘ಯುಎಲ್ 217’ ಮಾನದಂಡದ ಎಂಟನೆಯ ಅಥವಾ ಅದರ ನಂತರದ ಆವೃತ್ತಿ ಎಂದಿದೆಯೇ ನೋಡಿ. ಅಡುಗೆಯ ಹೊಗೆಗೂ ನಿಜವಾದ ಬೆಂಕಿಗೂ ಇರುವ ವ್ಯತ್ಯಾಸವನ್ನು ತಿಳಿಯುವ ಪರೀಕ್ಷೆಯನ್ನು ಎಂಟನೆಯ ಆವೃತ್ತಿಯಲ್ಲಿ ಸೇರಿಸಿದ್ದಾರೆ.

ಜಾಗವೂ ಮುಖ್ಯ. ಒಲೆಯಿಂದ 10 ಅಡಿಯೊಳಗೆ ಹೊಗೆ ಅಲಾರ್ಮ್ ಇರಬಾರದು. 10ರಿಂದ 20 ಅಡಿಯ ನಡುವೆ ಇದ್ದರೆ ಫೋಟೊಎಲೆಕ್ಟ್ರಿಕ್ ಇರಲಿ, ಇಲ್ಲವೇ ಸ್ವಲ್ಪ ಹೊತ್ತು ಸುಮ್ಮನಾಗಿಸುವ ಗುಂಡಿ ಇರುವುದಿರಲಿ. ಆ ಗುಂಡಿ ಒತ್ತಿದರೆ ಕೆಲವು ನಿಮಿಷಗಳ ಬಳಿಕ ತಾನಾಗಿ ಮತ್ತೆ ಕೆಲಸ ಆರಂಭಿಸುತ್ತದೆ. ಟೊಪ್ಪಿಗೆಯನ್ನು ಮಾತ್ರ ತೆಗೆಯಲು ಯಾರಿಗೂ ನೆನಪಾಗುವುದಿಲ್ಲ.

ಕಾವೇರಿಮಗಳು (ಗ್ಲಾಸ್ಗೊ)
ನಮ್ಮ ಸ್ಕಾಟ್ಲೆಂಡ್‌ನಲ್ಲಿ ಈ ಜಗಳವನ್ನು ಕಾನೂನೇ ಮುಗಿಸಿದೆ. 2022ರ ಫೆಬ್ರವರಿಯಿಂದ ಪ್ರತಿ ಮನೆಯಲ್ಲೂ ಹಜಾರಕ್ಕೊಂದು, ಪ್ರತಿ ಮಹಡಿಯ ನಡೆಯೋಣಿಗೊಂದು ಹೊಗೆ ಅಲಾರ್ಮ್, ಅಡುಗೆಮನೆಗೆ ಮಾತ್ರ ಶಾಖದ ಅಲಾರ್ಮ್ ಇರಬೇಕು, ಒಂದು ಕೂಗಿದರೆ ಎಲ್ಲವೂ ಕೂಗುವಂತೆ ಅವು ಒಂದಕ್ಕೊಂದು ಜೋಡಣೆಯಾಗಿರಬೇಕು. ಶಾಖದ ಅಲಾರ್ಮ್‌ಗೆ ಹೊಗೆಯ ಗೊಡವೆಯೇ ಇಲ್ಲ. ನಾನು ವಾರಕ್ಕೊಮ್ಮೆ ಮೆಣಸಿನಕಾಯಿ ಹುರಿದು ಸಾರಿನಪುಡಿ ಮಾಡುತ್ತೇನೆ. ಮನೆಮಂದಿಯೆಲ್ಲ ಕೆಮ್ಮುತ್ತಾರೆ, ಅಲಾರ್ಮ್ ಕೆಮ್ಮುವುದಿಲ್ಲ.

ಜೋಳದರೊಟ್ಟಿ (ಬೋಸ್ಟನ್)
ಶಾಖದ ಅಲಾರ್ಮ್ ಒಳ್ಳೆಯದೇ, ಆದರೆ ಹೊಗೆಯ ಅಲಾರ್ಮ್ ತೆಗೆದು ಅದೊಂದನ್ನೇ ಹಾಕಿದರೆ ಸಾಕೆಂದು ಯಾರೂ ತಿಳಿಯಬಾರದು. ಮಲಗಿದವರ ಪ್ರಾಣ ತೆಗೆಯುವುದು ಹೆಚ್ಚಾಗಿ ಹೊಗೆ. ಶಾಖ ಏರುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಇನ್ನೊಂದು ಮಾತು. ಡಿಸೆಂಬರ್ ಬಂದರೆ ಸಾಕು, ಎಲ್ಲರೂ ಕ್ರಿಸ್‌ಮಸ್ ಮರದ ಬೆಂಕಿಯ ವಿಡಿಯೊ ಹಂಚುತ್ತಾರೆ. ಇಡೀ ಅಮೆರಿಕದಲ್ಲಿ ಮರದಿಂದ ಆರಂಭವಾಗುವ ಮನೆಬೆಂಕಿ ವರ್ಷಕ್ಕೆ ಸುಮಾರು 150ರಿಂದ 160 ಮಾತ್ರ. ಮನೆಗಳಲ್ಲಿ ಹೊತ್ತಿಕೊಳ್ಳುವ ಬೆಂಕಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅಡುಗೆಯಿಂದಲೇ ಆಗುತ್ತದೆ. ಅಡುಗೆಯ ಬೆಂಕಿ ಅತಿ ಹೆಚ್ಚಾಗುವ ದಿನ ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಕ್ರಿಸ್‌ಮಸ್ ಮತ್ತು ಅದರ ಹಿಂದಿನ ದಿನಗಳು ಆಮೇಲಿನ ಸಾಲಿನಲ್ಲಿವೆ. ಬಾಣಲೆಯನ್ನು ಬಿಟ್ಟು ಮರಕ್ಕೆ ಹೆದರುವುದು ನನಗೆ ಅರ್ಥವಾಗಿಲ್ಲ.

ಗಂಟೆಕೇಳಿದರೆಓಟ (ಪೆನ್ಸಿಲ್ವೇನಿಯಾ)
ಸಂಖ್ಯೆ ಸರಿ, ತೀರ್ಮಾನ ಅರ್ಧ ಸರಿ. ಬಾಣಲೆ ಹೊತ್ತಿಕೊಂಡಾಗ ಸಾಮಾನ್ಯವಾಗಿ ಎಚ್ಚರವಿರುವ ಮನುಷ್ಯನೊಬ್ಬ ಪಕ್ಕದಲ್ಲೋ ಪಕ್ಕದ ಕೋಣೆಯಲ್ಲೋ ಇರುತ್ತಾನೆ. ಮರ ಹೊತ್ತಿಕೊಳ್ಳುವುದು ಅಪರೂಪ, ಆದರೆ ಹೊತ್ತಿದಾಗ ಸಾವಿನ ಪ್ರಮಾಣ ಬೇರೆ ಬೆಂಕಿಗಳಿಗಿಂತ ಬಹಳ ಹೆಚ್ಚು. ಒಣಗಿದ ಮರ ಒಂದು ನಿಮಿಷದೊಳಗೆ ಇಡೀ ಕೋಣೆಯನ್ನು ನುಂಗುವುದನ್ನು ಸರ್ಕಾರಿ ಪ್ರಯೋಗಾಲಯವಾದ ನಿಸ್ಟ್ ಮಾಡಿ ತೋರಿಸಿದೆ. ನೀರು ಕುಡಿದು ಹಸಿಯಾಗಿರುವ ಮರ ಹಾಗೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ.

2015ರ ಜನವರಿ 19ರಂದು ಮೇರಿಲ್ಯಾಂಡ್‌ನ ಅನಾಪೊಲಿಸ್ ಬಳಿಯ ದೊಡ್ಡ ಮನೆಯೊಂದರಲ್ಲಿ ಅಜ್ಜ, ಅಜ್ಜಿ ಮತ್ತು ನಾಲ್ವರು ಮೊಮ್ಮಕ್ಕಳು ತೀರಿಕೊಂಡರು. ಎರಡು ತಿಂಗಳಿಗೂ ಹಿಂದೆ ಕಡಿದಿದ್ದ ಮರ ಅದು. ವಿದ್ಯುತ್ ಸಾಕೆಟ್‌ನ ದೋಷದಿಂದ ಹುಟ್ಟಿದ ಬೆಂಕಿ ಅದಕ್ಕೆ ತಗುಲಿತ್ತು. ಗಮನಿಸಿ, ಅದು ಜನವರಿ 19. ಹಬ್ಬ ಮುಗಿದು ಮೂರು ವಾರ ಕಳೆದಿದ್ದವು.

ಜೋಳದರೊಟ್ಟಿ (ಬೋಸ್ಟನ್)
ಒಪ್ಪಿದೆ. ಮರವನ್ನು ತರುವುದಕ್ಕಿಂತ ಹೆಚ್ಚಾಗಿ ಅದನ್ನು ಸಂಕ್ರಾಂತಿಯವರೆಗೂ ಮನೆಯಲ್ಲಿ ಉಳಿಸಿಕೊಳ್ಳುವುದೇ ಅಪಾಯ ಎಂದು ತಿದ್ದಿಕೊಳ್ಳೋಣ.

ನೀಲಿಶಂಖಪುಷ್ಪ (ನ್ಯೂಜೆರ್ಸಿ)
ಮರಕ್ಕೆ ದಿನಕ್ಕೆ ಎಷ್ಟು ನೀರು ಬೇಕು? ಮಕ್ಕಳು ಹಾಕುತ್ತೇವೆ ಎನ್ನುತ್ತಾರೆ, ಮೂರನೆಯ ದಿನಕ್ಕೆ ಮರೆಯುತ್ತಾರೆ ಎಂಬುದು ನನಗೆ ಗೊತ್ತು.

ಹಿಮಬಿದ್ದಹಾದಿ (ಮಿನಿಯಾಪೊಲಿಸ್)
ನಾವು ಪ್ರತಿ ವರ್ಷ ತೋಟಕ್ಕೇ ಹೋಗಿ ಮರ ತರುತ್ತೇವೆ. ಮನೆಗೆ ತಂದ ಕೂಡಲೇ ಬುಡವನ್ನು ಮತ್ತೆ ಅರ್ಧ ಅಂಗುಲದಷ್ಟು ಕತ್ತರಿಸಬೇಕು, ಇಲ್ಲದಿದ್ದರೆ ಅಂಟು ಕಟ್ಟಿಕೊಂಡ ಕಾಂಡ ನೀರನ್ನು ಎಳೆಯುವುದಿಲ್ಲ. ಕಾಂಡದ ಅಡ್ಡಳತೆಯ ಪ್ರತಿ ಅಂಗುಲಕ್ಕೆ ದಿನಕ್ಕೆ ಸುಮಾರು ಒಂದು ಲೀಟರಿಗೆ ತುಸು ಕಡಿಮೆ ನೀರು ಎಂದು ಲೆಕ್ಕ. ನಾಲ್ಕು ಅಂಗುಲದ ಕಾಂಡವಾದರೆ ಹತ್ತಿರ ಹತ್ತಿರ ನಾಲ್ಕು ಲೀಟರ್. ಮೊದಲ ದಿನಗಳಲ್ಲಿ ಅದು ಕುಡಿಯುವುದನ್ನು ನೋಡಿದರೆ ನಿಮಗೇ ಆಶ್ಚರ್ಯವಾಗುತ್ತದೆ. ನೀರಿನ ಮಟ್ಟ ಕತ್ತರಿಸಿದ ಭಾಗಕ್ಕಿಂತ ಕೆಳಗಿಳಿಯಬಾರದು. ಕೊಂಬೆಯನ್ನು ಬೆರಳಿನಿಂದ ಎಳೆದಾಗ ಎಲೆಯ ಸೂಜಿಗಳು ಕೈಗೆ ಉದುರಿ ಬಂದರೆ, ತಾರೀಖು ಯಾವುದೇ ಇರಲಿ, ಅಂದೇ ಹೊರಗೆ ಹಾಕಿ. ಹೀಟರ್, ಫೈರ್‌ಪ್ಲೇಸ್, ಗೋಡೆಯ ಬಿಸಿಗಾಳಿಯ ಕಿಂಡಿ ಇವುಗಳಿಂದ ಮೂರು ಅಡಿಯಾದರೂ ದೂರವಿರಲಿ. ಬಾಗಿಲಿಗೆ ಅಡ್ಡವಾಗಿಯಂತೂ ನಿಲ್ಲಿಸಲೇಬೇಡಿ.

ಚಿತ್ರಾನ್ನಪ್ರಿಯ (ಸಿಯಾಟಲ್)
ಪ್ಲಾಸ್ಟಿಕ್ ಮರ ತನ್ನಿ, ನೀರಿನ ಚಿಂತೆಯೇ ಇಲ್ಲ.

ಕಡಲತಡಿಯವ (ಟೊರೊಂಟೊ)
ಪ್ಲಾಸ್ಟಿಕ್ ಮರವೂ ಉರಿಯುತ್ತದೆ, ಉರಿದರೆ ಹೊಗೆ ಇನ್ನೂ ಕೆಟ್ಟದ್ದು. ಬೆಂಕಿನಿರೋಧಕ ಎಂಬ ಗುರುತು ಇರುವುದನ್ನೇ ಕೊಳ್ಳಬೇಕು.

ವೈರ್‌ಮನ್ನನಮಗ (ಡಲ್ಲಾಸ್)
ದೀಪದ ಸರಗಳ ಬಗ್ಗೆ ಎರಡು ಮಾತು. ಎಡಿಸನ್ನನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ 1882ರಲ್ಲಿ ನ್ಯೂಯಾರ್ಕ್‌ನ ತನ್ನ ಮನೆಯ ಮರಕ್ಕೆ ಮೊದಲ ಬಾರಿಗೆ ವಿದ್ಯುದ್ದೀಪ ಕಟ್ಟಿದ. ಅದಕ್ಕೂ ಮುಂಚೆ ಜನರು ಕೊಂಬೆಯ ಮೇಲೆ ನಿಜವಾದ ಮೇಣದಬತ್ತಿಗಳನ್ನೇ ಉರಿಸುತ್ತಿದ್ದರು! ಹಳೆಯ ದಪ್ಪ ಬಲ್ಬಿನ ಸರ ಈಗಲೂ ಕೆಲವರ ಮನೆಯಲ್ಲಿದೆ. ಒಂದೊಂದು ಬಲ್ಬ್ 7 ವ್ಯಾಟ್, 25 ಬಲ್ಬಿನ ಸರಕ್ಕೆ 175 ವ್ಯಾಟ್, ಮುಟ್ಟಿದರೆ ಸುಡುತ್ತದೆ. ಅಂಥವನ್ನು ಮೂರಕ್ಕಿಂತ ಹೆಚ್ಚು ಒಂದಕ್ಕೊಂದು ಜೋಡಿಸಬಾರದು. ಎಲ್‌ಇಡಿ ಸರಕ್ಕೆ ಅದರ ಹತ್ತರಲ್ಲೊಂದು ಭಾಗದಷ್ಟೂ ವಿದ್ಯುತ್ ಬೇಡ, ಬಿಸಿಯೂ ಆಗುವುದಿಲ್ಲ. ಸರ ಯಾವ ಬಗೆಯದಾದರೂ ಸರಿ, ಮಲಗುವಾಗ ಮತ್ತು ಹೊರಗೆ ಹೋಗುವಾಗ ಸ್ವಿಚ್ ಆಫ್ ಮಾಡಿ.

ಆದರೆ ನೀಲಿಶಂಖಪುಷ್ಪ ಅವರ ಪ್ರಶ್ನೆಯಲ್ಲಿ ನನ್ನನ್ನು ಹೆಚ್ಚು ಹೆದರಿಸಿದ್ದು ಹೀಟರ್. ಅಲ್ಲಿಂದ ಬಂದ ಹಿರಿಯರು ಮಾತ್ರವಲ್ಲ, ನಾವೂ ಇಲ್ಲಿ ಒಂದು ವಿಷಯ ಮರೆಯುತ್ತೇವೆ. ಹೀಟರ್ ಸಾಮಾನ್ಯವಾಗಿ 1,500 ವ್ಯಾಟ್. ಭಾರತದ 230 ವೋಲ್ಟ್‌ನಲ್ಲಿ ಅದು ಎಳೆಯುವುದು ಸುಮಾರು ಆರೂವರೆ ಆಂಪಿಯರ್. ಇಲ್ಲಿನ 120 ವೋಲ್ಟ್‌ನಲ್ಲಿ ಹನ್ನೆರಡೂವರೆ. ತಂತಿಯನ್ನು ಬಿಸಿಮಾಡುವುದು ಕರೆಂಟ್, ಅದೂ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಆದ್ದರಿಂದ ಬೆಂಗಳೂರಿನಲ್ಲಿ ವರ್ಷಗಟ್ಟಲೆ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹೀಟರ್ ಹಾಕಿ ಏನೂ ಆಗಿಲ್ಲ ಎನ್ನುವ ಅನುಭವ ಇಲ್ಲಿ ಕೆಲಸಕ್ಕೆ ಬಾರದು. ಅಂಗಡಿಯ ಅಗ್ಗದ ತೆಳ್ಳಗಿನ ಎಕ್ಸ್‌ಟೆನ್ಶನ್ ವೈರ್ 10 ಆಂಪಿಯರ್‌ಗೆ ಮಾಡಿದ್ದು. ಅದನ್ನು ಕಂಬಳಿಯ ಅಡಿಯಲ್ಲಿ ಹಾಯಿಸಿದರೆ ಬಿಸಿ ಹೊರಗೆ ಹೋಗಲು ದಾರಿಯೂ ಇರುವುದಿಲ್ಲ. ಹೀಟರ್‌ನ ಪ್ಲಗ್ ನೇರವಾಗಿ ಗೋಡೆಯ ಸಾಕೆಟ್‌ಗೇ ಹೋಗಬೇಕು.

ಎಳ್ಳುಬೆಲ್ಲ (ಚಿಕಾಗೊ)
ನಮ್ಮಲ್ಲಿ ಹೀಟರ್ ಮತ್ತು ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಹಾಕಿದರೆ, ಕರೆಂಟ್ ಹೆಚ್ಚಾದಾಗ ತಾನಾಗಿ ಆಫ್ ಆಗುವ ಬ್ರೇಕರ್ ಬೀಳುತ್ತದೆ. 15ರ ಬದಲು 20 ಆಂಪಿಯರ್ ಬ್ರೇಕರ್ ಹಾಕಿಸಿದರೆ ಸರಿಹೋಗುತ್ತದೆ ಎಂದು ನೆರೆಯವರು ಹೇಳಿದರು.

ವೈರ್‌ಮನ್ನನಮಗ (ಡಲ್ಲಾಸ್)
ಖಂಡಿತ ಬೇಡ. 15 ಆಂಪಿಯರ್ ಬ್ರೇಕರ್‌ನ ಹಿಂದೆ ಗೋಡೆಯೊಳಗೆ ಇರುವುದು ಸಾಮಾನ್ಯವಾಗಿ 14 ಗೇಜ್ ತಂತಿ, 20ಕ್ಕೆ ಅದಕ್ಕಿಂತ ದಪ್ಪನೆಯ 12 ಗೇಜ್ ಬೇಕು. ತಂತಿ ಬದಲಾಯಿಸದೆ ಬ್ರೇಕರ್ ಮಾತ್ರ ಬದಲಾಯಿಸಿದರೆ, ಬ್ರೇಕರ್ ಬೀಳುವ ಮುಂಚೆ ಮರದ ಗೋಡೆಯೊಳಗೆ ತಂತಿ ಕಾಯುತ್ತದೆ. ಬ್ರೇಕರ್ ಬೀಳುತ್ತಿದೆ ಎಂದರೆ ಅದು ತನ್ನ ಕೆಲಸ ಮಾಡುತ್ತಿದೆ. ಇಸ್ತ್ರಿಯನ್ನು ಬೇರೆ ಕೋಣೆಯಲ್ಲಿ ಮಾಡಿಕೊಳ್ಳಿ.

ಗಂಟೆಕೇಳಿದರೆಓಟ (ಪೆನ್ಸಿಲ್ವೇನಿಯಾ)
ಹೀಟರ್ ಎಂದಾಗ 2022ರ ಜನವರಿ ನೆನಪಾಗುತ್ತದೆ. ಜನವರಿ 9ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ 19 ಮಹಡಿಯ ಕಟ್ಟಡದ ಒಂದು ಮನೆಯಲ್ಲಿ ಹೀಟರ್ ಕೆಟ್ಟು ಬೆಂಕಿ ಹತ್ತಿತು. ಸತ್ತವರು 17 ಮಂದಿ. ಬೆಂಕಿ ಆ ಮನೆಯನ್ನೂ ಅದರ ಮುಂದಿನ ಓಣಿಯನ್ನೂ ಬಿಟ್ಟು ಹೆಚ್ಚು ಹರಡಲೇ ಇಲ್ಲ. ತಾನಾಗಿ ಮುಚ್ಚಿಕೊಳ್ಳಬೇಕಿದ್ದ ಬಾಗಿಲು ಮುಚ್ಚಿಕೊಳ್ಳದೆ, ಮೆಟ್ಟಿಲಿನ ಮೂಲಕ ಮೇಲೇರಿದ ಹೊಗೆಯೇ ಅಷ್ಟೂ ಜನರನ್ನು ಕೊಂದಿತು.

ಅದಕ್ಕೆ ನಾಲ್ಕು ದಿನ ಮುಂಚೆ ಫಿಲಡೆಲ್ಫಿಯಾದಲ್ಲಿ 12 ಮಂದಿ, ಅವರಲ್ಲಿ 9 ಮಕ್ಕಳು, ಸತ್ತಿದ್ದರು. ಐದು ವರ್ಷದ ಮಗು ಲೈಟರ್‌ನೊಂದಿಗೆ ಆಡುತ್ತ ಕ್ರಿಸ್‌ಮಸ್ ಮರಕ್ಕೆ ಬೆಂಕಿ ತಗುಲಿಸಿತೆಂದು ತನಿಖೆಯವರು ತೀರ್ಮಾನಿಸಿದರು. ಕೆಲಸ ಮಾಡುವ ಸ್ಮೋಕ್ ಅಲಾರ್ಮ್ ಅವರು ವಾಸವಿದ್ದ ಮಹಡಿಗಳಲ್ಲಿ ಇರಲಿಲ್ಲ. ನಿಮ್ಮ ದೇವರ ಗೂಡಿನ ಬಳಿ ಬೆಂಕಿಪೊಟ್ಟಣ, ಲೈಟರ್ ಎಷ್ಟು ಎತ್ತರದಲ್ಲಿದೆ ಎಂದು ಒಮ್ಮೆ ಎದ್ದು ನೋಡಿ.

ಗಾಂಧಿಬಜಾರಿನಮೇಷ್ಟ್ರು (ಬೆಂಗಳೂರು)
ಮಗನ ಮನೆಗೆಂದು ನಾನೂ ಡಿಸೆಂಬರ್‌ನಲ್ಲಿ ಅಮೆರಿಕಕ್ಕೆ ಹೊರಟಿರುವುದರಿಂದ ಇದನ್ನೆಲ್ಲ ಓದುತ್ತಿದ್ದೇನೆ. ಕ್ಷಮಿಸಿ, ಆದರೆ ನೀವೆಲ್ಲ ಹೆಚ್ಚಾಗಿ ಹೆದರುತ್ತಿದ್ದೀರಿ ಎನ್ನಿಸುತ್ತದೆ. ನಮ್ಮ ಮನೆಯಲ್ಲಿ ನನ್ನ ತಾಯಿಯ ಕಾಲದಿಂದ ನಂದಾದೀಪ ಉರಿಯುತ್ತಿದೆ, ಏನೂ ಆಗಿಲ್ಲ. ಕಳೆದ ಬಾರಿ ಹೋದಾಗ ಸೊಸೆ ಬ್ಯಾಟರಿಯ ದೀಪ ಕೊಟ್ಟಳು. ದೇವರ ಮುಂದೆ ಬ್ಯಾಟರಿ ದೀಪವೇ?

ಹಿಮಬಿದ್ದಹಾದಿ (ಮಿನಿಯಾಪೊಲಿಸ್)
ಮೇಷ್ಟ್ರೇ, ನಮಸ್ಕಾರ. ನಿಮ್ಮ ಮನೆಯಲ್ಲಿ ದೇವರ ಕೋಣೆಗೆ ಇಟ್ಟಿಗೆಯ ಗೋಡೆ, ಕಲ್ಲಿನ ನೆಲ, ಕಾಂಕ್ರೀಟಿನ ಚಾವಣಿ ಇರುತ್ತದೆ. ಇಲ್ಲಿ ನಮ್ಮಂಥವರ ದೇವರು ಇರುವುದು ಬಟ್ಟೆಯ ಕ್ಲಾಸೆಟ್‌ನಲ್ಲಿ. ತಲೆಯ ಮೇಲೆ ಮರದ ಹಲಗೆ, ಪಕ್ಕದಲ್ಲಿ ನೇತಾಡುವ ರೇಷ್ಮೆ ಸೀರೆ, ಚಳಿಯ ಕೋಟು, ಕೆಳಗೆ ಕಾರ್ಪೆಟ್. ಅದೇ ದೀಪ, ಅದೇ ಎಣ್ಣೆ, ಆದರೆ ಸುತ್ತ ಇರುವುದು ಬೇರೆ. ನಿಮ್ಮ ಸೊಸೆಯವರ ಭಯಕ್ಕೆ ಕಾರಣ ಭಕ್ತಿಯ ಕೊರತೆಯಲ್ಲ.

ಗಾಂಧಿಬಜಾರಿನಮೇಷ್ಟ್ರು (ಬೆಂಗಳೂರು)
ಕೋಟಿನ ಸಂಗತಿ ನನಗೆ ಹೊಳೆದಿರಲಿಲ್ಲ. ಆದರೂ ದೀಪವನ್ನು ಬಿಡಲಾರೆ. ಒಂದು ಉಪಾಯ ಹೇಳಿ.

ಕಾವೇರಿಮಗಳು (ಗ್ಲಾಸ್ಗೊ)
ಮೇಷ್ಟ್ರೇ, ದೀಪವನ್ನು ಬಿಡಬೇಕಿಲ್ಲ. ದೇವರನ್ನು ಕ್ಲಾಸೆಟ್‌ನಿಂದ ಹೊರಗೆ ತಂದು, ಮೇಲೆ ಹಲಗೆಯಿಲ್ಲದ, ಪರದೆಯಿಂದ ದೂರವಾದ ಕಡೆ ಕೂರಿಸಲು ಹೇಳಿ. ದೀಪ ಅಗಲವಾದ ಹಿತ್ತಾಳೆಯ ತಟ್ಟೆಯೊಳಗೆ ನಿಲ್ಲಲಿ. ಎಣ್ಣೆಯನ್ನು ಅಳೆದು ಹಾಕಿ. ಪೂಜೆ, ಅಷ್ಟೋತ್ತರ, ಮಂಗಳಾರತಿ ಮುಗಿಯುವಷ್ಟು ಹೊತ್ತು ಉರಿದರೆ ಸಾಕು. ನಂದಾದೀಪದ ವ್ರತ ಇದ್ದರೆ ಎಲ್ಲರೂ ಮಲಗುವ ಮುಂಚೆ ಅದನ್ನು ಶಾಂತಗೊಳಿಸಿ ಮರುದಿನ ಮತ್ತೆ ಬೆಳಗಿಸುವುದನ್ನು ನಮ್ಮ ಮನೆಯ ಪುರೋಹಿತರೇ ಒಪ್ಪಿಕೊಂಡಿದ್ದಾರೆ. ಕರ್ಪೂರದ ಆರತಿಯನ್ನು ಕೋಣೆಯ ನಡುವೆ ಬಂದು ಎತ್ತಬಹುದು. ನೈಲಾನ್ ತೋಳಿನ ಸ್ವೆಟರ್, ಜಾರುವ ಶಾಲು ಇವು ಆರತಿಗೆ ತಕ್ಕವಲ್ಲ. ಅದು ಎಲ್ಲ ಊರಿಗೂ ಅನ್ವಯಿಸುತ್ತದೆ.

ಗಾಂಧಿಬಜಾರಿನಮೇಷ್ಟ್ರು (ಬೆಂಗಳೂರು)
ಇದು ಒಪ್ಪುವ ಮಾತು. ಮಗನಿಗೆ ಕಳುಹಿಸಿದ್ದೇನೆ.

ಜೋಳದರೊಟ್ಟಿ (ಬೋಸ್ಟನ್)
ಮತ್ತೆ ಅಡುಗೆಮನೆಗೆ ಬರೋಣ, ಏಕೆಂದರೆ ಅಸಲಿ ಬೆಂಕಿ ಅಲ್ಲಿದೆ. ರಜೆಯಲ್ಲಿ ನಾಲ್ಕು ಮನೆಯವರು ಸೇರಿದಾಗ ಚಕ್ಕುಲಿ, ಬೋಂಡ, ಪೂರಿ ಎಂದು ಬಾಣಲೆ ಗಂಟೆಗಟ್ಟಲೆ ಒಲೆಯ ಮೇಲಿರುತ್ತದೆ. ಕರಿಯುವವರು ಮಾತಿನ ನಡುವೆ ಹಜಾರಕ್ಕೆ ಹೋಗುತ್ತಾರೆ. ಇಲ್ಲಿನ ಎಲೆಕ್ಟ್ರಿಕ್ ಒಲೆಯನ್ನು ಆರಿಸಿದರೂ ಅದರ ಬಿಸಿ ಗ್ಯಾಸಿನಂತೆ ಕೂಡಲೇ ಇಳಿಯುವುದಿಲ್ಲ ಎಂಬುದು ಊರಿನಿಂದ ಬಂದವರಿಗೆ ತಿಳಿದಿರುವುದಿಲ್ಲ. ಎಣ್ಣೆ ಹೊತ್ತಿಕೊಂಡರೆ ಒಲೆ ಆರಿಸಿ, ಬದಿಯಿಂದ ಮುಚ್ಚಳವನ್ನು ಜಾರಿಸಿ ಮುಚ್ಚಿ, ತಣಿಯುವವರೆಗೂ ತೆರೆಯಬೇಡಿ. ಬಾಣಲೆಯನ್ನು ಎತ್ತಿಕೊಂಡು ಬಾಗಿಲಿಗೆ ಓಡಬಾರದು. ನೀರು ಹಾಕಿದರೆ ಅದು ಎಣ್ಣೆಯ ತಳಕ್ಕಿಳಿದು, ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಚಾವಣಿಗೆ ಎರಚುತ್ತದೆ. ಅಮೆರಿಕನ್ನರು ಮಂಜುಗಟ್ಟಿದ ಟರ್ಕಿ ಕೋಳಿಯನ್ನು ಕಾದ ಎಣ್ಣೆಗೆ ಇಳಿಸಿ ಪ್ರತಿ ನವೆಂಬರ್‌ನಲ್ಲಿ ಮಾಡಿಕೊಳ್ಳುವ ಅನಾಹುತವೂ ಇದೇ.

ಎಳ್ಳುಬೆಲ್ಲ (ಚಿಕಾಗೊ)
ಅದಕ್ಕೇ ನಾವು ಗ್ಯಾರೇಜಿನಲ್ಲಿ ಸಣ್ಣ ಗ್ಯಾಸ್ ಒಲೆ ಇಟ್ಟು ಕರಿಯುತ್ತೇವೆ. ಮನೆಗೆ ವಾಸನೆಯೂ ಇಲ್ಲ, ಅಲಾರ್ಮ್ ಸದ್ದೂ ಇಲ್ಲ.

ವೈರ್‌ಮನ್ನನಮಗ (ಡಲ್ಲಾಸ್)
ಎಳ್ಳುಬೆಲ್ಲ ಅವರೇ, ಇದು ನಮ್ಮವರಲ್ಲಿ ಬಹಳ ಕಡೆ ನಡೆಯುವುದು, ಇದೇ ನನಗೆ ಟೊಪ್ಪಿಗೆಗಿಂತ ದೊಡ್ಡ ಚಿಂತೆ. ಗ್ಯಾರೇಜಿನಲ್ಲಿ ಕಾರಿನ ಪೆಟ್ರೋಲ್ ಆವಿ ನೆಲಮಟ್ಟದಲ್ಲಿ ನಿಲ್ಲುತ್ತದೆ, ಹುಲ್ಲು ಕತ್ತರಿಸುವ ಯಂತ್ರದ ಇಂಧನದ ಡಬ್ಬಿಯೂ ಬಣ್ಣದ ಡಬ್ಬಿಗಳೂ ಅಲ್ಲೇ ಇರುತ್ತವೆ. ಚಳಿಗೆಂದು ಬಾಗಿಲು ಇಳಿಸಿದರೆ ಕಾರ್ಬನ್ ಮೊನಾಕ್ಸೈಡ್ ಕೂಡ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಎಳ್ಳುಬೆಲ್ಲ (ಚಿಕಾಗೊ)
ಬಾಗಿಲು ಪೂರ್ತಿ ತೆರೆದೇ ಮಾಡುತ್ತೇವೆ, ಕಾರನ್ನೂ ಹೊರಗೆ ನಿಲ್ಲಿಸುತ್ತೇವೆ. ಮೈನಸ್ ಹತ್ತರಲ್ಲಿ ಅಂಗಳದಲ್ಲಿ ನಿಂತು ಚಕ್ಕುಲಿ ಒತ್ತಲು ಯಾರಿಂದಾಗುತ್ತದೆ ಹೇಳಿ.

ಗಂಟೆಕೇಳಿದರೆಓಟ (ಪೆನ್ಸಿಲ್ವೇನಿಯಾ)
ಬಾಗಿಲು ತೆರೆದರೂ ಗ್ಯಾರೇಜ್ ಬೇಡ ಎಂಬುದೇ ನನ್ನ ಉತ್ತರ. ಮೈನಸ್ ಹತ್ತರಲ್ಲಿ ಒಳಗೇ ಕರಿಯಿರಿ, ಸ್ವಲ್ಪ ಸ್ವಲ್ಪವೇ ಕರಿಯಿರಿ, ಒಲೆಯ ಬಳಿಯಿಂದ ಕದಲಬೇಡಿ. ಒಲೆಯ ಮೇಲಿನ ಹುಡ್ ಹೊಗೆಯನ್ನು ನಿಜವಾಗಿ ಹೊರಗೆ ಬಿಡುತ್ತದೆಯೇ, ಅಥವಾ ಜಾಲರಿಯಲ್ಲಿ ಸೋಸಿ ಮತ್ತೆ ನಿಮ್ಮ ಮುಖಕ್ಕೇ ಊದುತ್ತದೆಯೇ ಎಂದು ಪರೀಕ್ಷಿಸಿ. ಟೌನ್‌ಹೌಸ್‌ಗಳಲ್ಲಿ ಎರಡನೆಯ ಬಗೆಯೇ ಹೆಚ್ಚು. ಅಲಾರ್ಮ್ ಕೂಗುವುದಕ್ಕೆ ಅರ್ಧ ಕಾರಣ ಅದು. ಜಾಲರಿಯಲ್ಲಿ ಕಟ್ಟಿಕೊಂಡ ಜಿಡ್ಡನ್ನು ಬಿಸಿನೀರಿನಲ್ಲಿ ತೊಳೆಯದಿದ್ದರೆ, ಬಾಣಲೆಯ ಜ್ವಾಲೆ ಮೊದಲು ಹಿಡಿಯುವುದು ಅದನ್ನೇ.

ನೀಲಿಶಂಖಪುಷ್ಪ ಅವರ ನ್ಯೂಜೆರ್ಸಿಯಲ್ಲಿ ಮನೆ ಕೈಬದಲಾಗುವಾಗ ಹೊಗೆ ಅಲಾರ್ಮ್, ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಮತ್ತು ಅಡುಗೆಮನೆಯಿಂದ 10 ಅಡಿಯೊಳಗೆ ಬೆಂಕಿ ಆರಿಸುವ ಸಿಲಿಂಡರ್ ಇದೆ ಎಂದು ಪ್ರಮಾಣಪತ್ರ ಪಡೆಯಬೇಕೆಂಬ ನಿಯಮವಿದೆ. ಹಾಗಾಗಿ ನಿಮ್ಮ ಮನೆಯಲ್ಲಿ ಸಿಲಿಂಡರ್ ಎಲ್ಲೋ ಇರಲೇಬೇಕು, ಹುಡುಕಿ ನೋಡಿ.

ನೀಲಿಶಂಖಪುಷ್ಪ (ನ್ಯೂಜೆರ್ಸಿ)
ಸಿಂಕಿನ ಕೆಳಗಿನ ಕಪಾಟಿನಲ್ಲಿ ಅಕ್ಕಿಚೀಲದ ಹಿಂದೆ ಸಿಕ್ಕಿತು. ಅದರ ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲೇ ಇದೆ. ಅಲಾರ್ಮ್ ಅಯನೀಕರಣದ ಬಗೆಯದು, 2011ರಲ್ಲಿ ತಯಾರಾದದ್ದು. ಎಲ್ಲವನ್ನೂ ಬದಲಾಯಿಸುತ್ತಿದ್ದೇವೆ. ಇನ್ನೊಂದು ಪ್ರಶ್ನೆ: ಮಾವನವರಿಗೆ ಕಿವಿ ಮಂದ, ರಾತ್ರಿ ಶ್ರವಣಯಂತ್ರ ತೆಗೆದಿಟ್ಟು ಮಲಗುತ್ತಾರೆ. ಅಲಾರ್ಮ್ ಕೂಗಿದರೂ ಅವರಿಗೆ ಕೇಳಿಸುವುದಿಲ್ಲ.

ಕಡಲತಡಿಯವ (ಟೊರೊಂಟೊ)
ಸಾಮಾನ್ಯ ಅಲಾರ್ಮ್‌ನ ಕೀರಲು ಧ್ವನಿ ವಯಸ್ಸಾದವರ ಕಿವಿಗೆ ಬೀಳುವುದೇ ಕಷ್ಟ. 520 ಹರ್ಟ್ಸ್‌ನ ತಗ್ಗು ಸ್ವರದಲ್ಲಿ ಕೂಗುವ ಅಲಾರ್ಮ್‌ಗಳು ಸಿಗುತ್ತವೆ, ಮಲಗಿದವರನ್ನು ಅವು ಚೆನ್ನಾಗಿ ಎಬ್ಬಿಸುತ್ತವೆ. ಜೊತೆಗೆ ದಿಂಬಿನ ಕೆಳಗಿಟ್ಟು ಹಾಸಿಗೆಯನ್ನೇ ನಡುಗಿಸುವ ಸಾಧನವೂ ಉಂಟು. ನನ್ನ ತಂದೆಯವರಿಗೆ ಅದನ್ನೇ ತಂದೆವು. ಮೊದಲ ರಾತ್ರಿ ಪರೀಕ್ಷೆ ಮಾಡಿದಾಗ ಭೂಕಂಪವೆಂದು ಎದ್ದು ಕೂತರು, ಆದರೆ ಎದ್ದರು.

ಹಿಮಬಿದ್ದಹಾದಿ (ಮಿನಿಯಾಪೊಲಿಸ್)
ಅತ್ತೆ, ಮಾವ ಬಂದ ದಿನವೇ ಅವರಿಗೆ ಮನೆಯ ಎರಡು ದಾರಿಗಳನ್ನು ತೋರಿಸಿ, ಎಲ್ಲರೂ ಹೊರಗೆ ಸೇರುವ ಜಾಗ ಯಾವುದೆಂದು ಹೇಳಿ. ಚಳಿಗಾಲದಲ್ಲಿ ಹಿಂಬಾಗಿಲ ಮುಂದೆ ಹಿಮ ಗುಡ್ಡೆ ಬಿದ್ದಿರುತ್ತದೆ, ಜಾರುವ ಕಿಟಕಿ ಮಂಜುಗಟ್ಟಿ ಏಳುವುದಿಲ್ಲ. 911 ಎಂಬ ತುರ್ತು ಕರೆಯ ಸಂಖ್ಯೆಯನ್ನೂ ಮನೆಯ ವಿಳಾಸವನ್ನೂ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಬರೆದು ಫ್ರಿಜ್‌ಗೆ ಅಂಟಿಸಿ. ಪಾಸ್‌ಪೋರ್ಟ್, ಒಡವೆ ಎಂದು ಒಳಗೆ ಮರಳಬಾರದೆಂದು ಮೊದಲೇ ಮಾತಾಗಿರಲಿ.

ಗಂಟೆಕೇಳಿದರೆಓಟ (ಪೆನ್ಸಿಲ್ವೇನಿಯಾ)
ಮಲಗುವಾಗ ಕೋಣೆಯ ಬಾಗಿಲು ಮುಚ್ಚಿರಲಿ ಎಂದೂ ಸೇರಿಸಿ. ನಮ್ಮವರಿಗೆ ಇದನ್ನು ಒಪ್ಪಿಸುವುದೇ ಕಷ್ಟ. ಮಗು ಅತ್ತರೆ ಕೇಳಿಸಬೇಕೆಂದು ಎಲ್ಲ ಬಾಗಿಲುಗಳೂ ತೆರೆದಿರುತ್ತವೆ. ಯುಎಲ್ ಸಂಸ್ಥೆಯ ಪ್ರಯೋಗಗಳಲ್ಲಿ, ಬೆಂಕಿ ಬಿದ್ದ ಮನೆಯ ತೆರೆದ ಕೋಣೆಯಲ್ಲಿ 1,000 ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗ ಬಾಗಿಲು ಮುಚ್ಚಿದ ಕೋಣೆಯಲ್ಲಿ 100ರ ಆಸುಪಾಸಿನಲ್ಲಿತ್ತು. ಇಂದಿನ ಸೋಫಾ, ಹಾಸಿಗೆಗಳಲ್ಲಿ ಪ್ಲಾಸ್ಟಿಕ್ ನೊರೆಯೇ ತುಂಬಿರುವುದರಿಂದ ಓಡಿಹೋಗಲು ಸಿಗುವ ಸಮಯ ಮೂರು ನಿಮಿಷವೂ ಇರದಿರಬಹುದು. ಒಂದಕ್ಕೊಂದು ಜೋಡಿಸಿದ ಅಲಾರ್ಮ್ ಪ್ರತಿ ಕೋಣೆಯಲ್ಲಿದ್ದರೆ ಮುಚ್ಚಿದ ಬಾಗಿಲಿನೊಳಗೂ ಕೇಳಿಸುತ್ತದೆ. ಮಗುವಿನ ಅಳು ಕೇಳಲು ಮಾನಿಟರ್ ಇದೆ.

ಚಿತ್ರಾನ್ನಪ್ರಿಯ (ಸಿಯಾಟಲ್)
ಬಟ್ಟೆ ಒಣಗಿಸುವ ಡ್ರೈಯರ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ.

ಕಾವೇರಿಮಗಳು (ಗ್ಲಾಸ್ಗೊ)
ಒಳ್ಳೆಯ ನೆನಪು. ಅತಿಥಿಗಳು ಇದ್ದಾಗ ಅದು ಹಗಲಿರುಳೂ ತಿರುಗುತ್ತದೆ. ಪ್ರತಿ ಸಲವೂ ಜಾಲರಿಯ ನಾರನ್ನು ತೆಗೆಯಬೇಕು, ವರ್ಷಕ್ಕೊಮ್ಮೆ ಹೊರಗಿನ ಕೊಳವೆಯನ್ನೂ ಶುಚಿಗೊಳಿಸಬೇಕು. ನಮ್ಮವರಿಗೇ ವಿಶೇಷವಾದ ಅಪಾಯವೊಂದಿದೆ: ಎಣ್ಣೆಸ್ನಾನದ ಟವೆಲು, ಬಾಣಲೆ ಒರೆಸಿದ ಬಟ್ಟೆ. ಒಗೆದರೂ ಎಣ್ಣೆ ಪೂರ್ತಿ ಹೋಗುವುದಿಲ್ಲ. ಬಿಸಿಯಾಗಿ ಮಡಚಿಟ್ಟ ರಾಶಿಯಲ್ಲಿ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ತಾನಾಗಿ ಕಾದು ಹೊತ್ತಿಕೊಳ್ಳಬಲ್ಲದು. ಅಡುಗೆ ಎಣ್ಣೆ ಹಿಡಿದ ಬಟ್ಟೆಯನ್ನು ಡ್ರೈಯರ್‌ಗೆ ಹಾಕಬೇಡಿ ಎಂದು ಯಂತ್ರದ ಕೈಪಿಡಿಯಲ್ಲೇ ಬರೆದಿರುತ್ತದೆ. ಅವನ್ನು ಹಗ್ಗದ ಮೇಲೆ ಒಣಗಿಸಿ.

ನೀಲಿಶಂಖಪುಷ್ಪ (ನ್ಯೂಜೆರ್ಸಿ)
ಫೈರ್‌ಪ್ಲೇಸ್ ಕೂಡ ಇದೆ, ಸೌದೆ ಹಾಕುವ ಬಗೆಯದು. ಹಬ್ಬದ ರಾತ್ರಿ ಒಮ್ಮೆ ಹೊತ್ತಿಸಬೇಕೆಂದು ಎಲ್ಲರಿಗೂ ಆಸೆ.

ಗಂಟೆಕೇಳಿದರೆಓಟ (ಪೆನ್ಸಿಲ್ವೇನಿಯಾ)
ಮೊದಲು ಚಿಮಣಿಯನ್ನು ತಜ್ಞರಿಂದ ನೋಡಿಸಿ, ಕಟ್ಟಿಕೊಂಡ ಕಾಡಿಗೆಯೇ ಹೊತ್ತಿಕೊಳ್ಳುತ್ತದೆ. ಇನ್ನು ಬೂದಿಯ ವಿಷಯ. ಮೇಲೆ ತಣ್ಣಗೆ ಕಂಡರೂ ಒಳಗಿನ ಕೆಂಡ ದಿನಗಟ್ಟಲೆ ಜೀವಂತವಿರುತ್ತದೆ. 2011ರ ಕ್ರಿಸ್‌ಮಸ್ ಬೆಳಗಿನ ಜಾವ ಕನೆಕ್ಟಿಕಟ್‌ನ ಸ್ಟ್ಯಾಮ್‌ಫರ್ಡ್‌ನಲ್ಲಿ ಮೂವರು ಹೆಣ್ಣುಮಕ್ಕಳು ಮತ್ತು ಅವರ ಅಜ್ಜ, ಅಜ್ಜಿ ಸತ್ತ ಬೆಂಕಿಗೆ ಫೈರ್‌ಪ್ಲೇಸ್‌ನಿಂದ ತೆಗೆದಿಟ್ಟ ಬೂದಿಯೇ ಕಾರಣವೆಂದು ಅಧಿಕಾರಿಗಳು ಹೇಳಿದರು. ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ತುಂಬಿ, ಮನೆಯಿಂದ 10 ಅಡಿ ಆಚೆ, ಮರದ ಜಗಲಿಯ ಮೇಲಲ್ಲದೆ ನೆಲದ ಮೇಲೆ ಇಡಿ. ಕಾಗದದ ಚೀಲ, ಗ್ಯಾರೇಜಿನ ಪ್ಲಾಸ್ಟಿಕ್ ಕಸದ ಡಬ್ಬಿ ಬೇಡ.

ಜೋಳದರೊಟ್ಟಿ (ಬೋಸ್ಟನ್)
ಹಬ್ಬ ಮುಗಿದ ಮೇಲೆ ಒಣಗಿದ ಮರವನ್ನೇ ತುಂಡು ಮಾಡಿ ಫೈರ್‌ಪ್ಲೇಸ್‌ಗೆ ಹಾಕಿದರೆ ಎರಡೂ ಕೆಲಸ ಆಗುವುದಿಲ್ಲವೇ? ತಮಾಷೆಗೆ ಕೇಳುತ್ತಿಲ್ಲ, ಸೌದೆ ದುಬಾರಿಯಾಗಿದೆ.

ಹಿಮಬಿದ್ದಹಾದಿ (ಮಿನಿಯಾಪೊಲಿಸ್)
ಬೇಡ. ಅಂಟು ತುಂಬಿದ ಮರ, ಸಿಡಿಯುತ್ತದೆ, ಕಿಡಿ ಹಾರುತ್ತದೆ, ಚಿಮಣಿಯೊಳಗೆ ಕಾಡಿಗೆ ಕಟ್ಟುತ್ತದೆ. ಬಹಳಷ್ಟು ಊರುಗಳಲ್ಲಿ ಜನವರಿಯ ಮೊದಲ ವಾರಗಳಲ್ಲಿ ಪುರಸಭೆಯವರೇ ಬಂದು ರಸ್ತೆಯ ಅಂಚಿನಿಂದ ಮರ ಒಯ್ಯುತ್ತಾರೆ, ಪುಡಿ ಮಾಡಿ ಗೊಬ್ಬರಕ್ಕೆ ಬಳಸುತ್ತಾರೆ. ನಿಮ್ಮ ಬಡಾವಣೆಗೆ ಯಾವ ದಿನ ಎಂದು ಈಗಲೇ ನೋಡಿಟ್ಟುಕೊಳ್ಳಿ. ಆ ದಿನ ತಪ್ಪಿದರೆ ಅದು ಮತ್ತೆ ಗ್ಯಾರೇಜಿನೊಳಗೆ ಹೋಗಿ ಕೂರುತ್ತದೆ.

ಜೋಳದರೊಟ್ಟಿ (ಬೋಸ್ಟನ್)
ಸರಿ, ನಮ್ಮ ಊರಿನ ತಾರೀಖನ್ನು ಹುಡುಕುತ್ತೇನೆ.